‘ಬೆಲಿಗ್ಗೆ’ ಅನ್ನುವ ಮಗು ಬೇರೆ, ಮಾತೇ ಆಡದ ಮಗು ಬೇರೆ

ಅಕ್ಟೋಬರ್ ಬಂತೆಂದರೆ ನಮ್ಮಲ್ಲಿ ಭಾಷೆಯ ಮಾತು ಜೋರು. 3ನೇ ತಾರೀಕು ಬ್ಯಾರಿ ಭಾಷಾ ದಿನ. 2009ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಶುರುವಾದ ನೆನಪಿಗೆ ವೇದಿಕೆ, ಭಾಷಣ, ಕವಿಗೋಷ್ಠಿ, ಸನ್ಮಾನ ಎಲ್ಲವೂ ಉಂಟು, ಇರಲೂ ಬೇಕು. ಅದೇ ತಿಂಗಳ 22ಕ್ಕೆ ಇನ್ನೊಂದು ದಿನ ಬರುತ್ತದೆ, ತೊದಲುವಿಕೆಯ ಬಗ್ಗೆ ಜಾಗೃತಿ ಮೂಡಿಸುವ ಅಂತಾರಾಷ್ಟ್ರೀಯ ದಿನ. ಅದು ಬಂದದ್ದೂ ಹೋದದ್ದೂ ನಮಗೆ ಗೊತ್ತಾಗುವುದಿಲ್ಲ. ಒಂದು ಭಾಷೆಯ ದಿನ, ಇನ್ನೊಂದು ಕಾಯಿಲೆಯ ದಿನ ಅಂತ ಬೇರೆ ಬೇರೆ ಇಟ್ಟುಬಿಟ್ಟಿದ್ದೇವೆ. ಆದರೆ ಮಾತು ತಡವಾದ ಒಂದು ಮಗು ಇರುವ ಮನೆಗೆ ಹೋಗಿ ಕೇಳಿ. ಅಲ್ಲಿ ಇವೆರಡೂ ಒಂದೇ ಪ್ರಶ್ನೆಯಾಗಿ ಕೂತಿರುತ್ತವೆ. ‘ಇವನ ಹತ್ತಿರ ಇನ್ನು ಬ್ಯಾರಿ ಮಾತಾಡಬೇಕಾ, ಬಿಡಬೇಕಾ ಉಸ್ತಾದ್?’

ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಎರಡೂವರೆ, ಮೂರು ವರ್ಷವಾದರೂ ಮಗು ಸರಿಯಾಗಿ ಮಾತಾಡದಿದ್ದರೆ ಮೊದಲು ಸಿಗುವ ಸಲಹೆಯೇ ಅದು. ನರ್ಸರಿಯ ಟೀಚರ್ ಹೇಳುತ್ತಾರೆ, ಗಲ್ಫಿನಿಂದ ಬಂದ ಚಿಕ್ಕಪ್ಪ ಹೇಳುತ್ತಾನೆ, ಕೆಲವು ಕಡೆ ಡಾಕ್ಟರ ಕೋಣೆಯಿಂದಲೂ ಅದೇ ಬರುತ್ತದೆ: ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಕನ್ನಡ, ಮದ್ರಸದಲ್ಲಿ ಅರಬಿ, ಇಷ್ಟೆಲ್ಲ ಆದರೆ ಮಗುವಿಗೆ ಗೊಂದಲ ಆಗದೆ ಇರುತ್ತದಾ? ಒಂದೇ ಭಾಷೆ ಇಟ್ಟುಕೊಳ್ಳಿ. ಆ ಒಂದು ಭಾಷೆ ಯಾವತ್ತೂ ಬ್ಯಾರಿ ಆಗಿರುವುದಿಲ್ಲ ಅನ್ನುವುದನ್ನು ಗಮನಿಸಿ.

ಈ ಸಲಹೆ ತಪ್ಪು. ಹೀಗೆ ಹೇಳುತ್ತಿರುವುದು ಭಾಷಾಭಿಮಾನದಿಂದಲ್ಲ. ಮಾತಿನ ಚಿಕಿತ್ಸೆಯ ಶಾಸ್ತ್ರ ಓದಿದವರು ಈಗ ಒಪ್ಪಿರುವ ಸಂಗತಿ ಇದು: ಹೆಚ್ಚು ಭಾಷೆ ಕೇಳಿಸಿಕೊಳ್ಳುವುದರಿಂದ ಮಗುವಿಗೆ ಮಾತಿನ ತೊಂದರೆ ಹುಟ್ಟುವುದಿಲ್ಲ. ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸಿದರೂ ಅದು ರೋಗವಲ್ಲ, ದೊಡ್ಡವರಾದ ನಾವೂ ದಿನಾ ಬೆರೆಸುತ್ತೇವೆ. ನಿಜವಾದ ತೊಂದರೆ ಇದ್ದರೆ ಅದು ಮಗುವಿನ ಎಲ್ಲ ಭಾಷೆಯಲ್ಲೂ ಕಾಣುತ್ತದೆ. ಬ್ಯಾರಿಯಲ್ಲಿ ಚೆನ್ನಾಗಿ ಕಥೆ ಹೇಳುವ ಹುಡುಗಿ ಕನ್ನಡದಲ್ಲಿ ಬಾಯಿ ಬಿಡದಿದ್ದರೆ ಅವಳಿಗೆ ಬೇಕಾದದ್ದು ಕನ್ನಡ ಕಲಿಸುವ ಟೀಚರ್, ಚಿಕಿತ್ಸಕರಲ್ಲ. ಎರಡರಲ್ಲೂ ಬಾಯಿ ಬಿಡದಿದ್ದರೆ ಮಾತ್ರ ವಿಷಯ ಬೇರೆ.

ಇನ್ನು ಮನೆಮಾತು ಬಿಟ್ಟರೆ ಏನಾಗುತ್ತದೆ ನೋಡಿ. ಅಜ್ಜಿಗೆ ಇಂಗ್ಲಿಷ್ ಬಾರದು, ಆದ್ದರಿಂದ ಅಜ್ಜಿ ಮಗುವಿನ ಹತ್ತಿರ ಮಾತು ನಿಲ್ಲಿಸುತ್ತಾಳೆ. ಉಮ್ಮನಿಗೆ ಬರುವ ಇಂಗ್ಲಿಷ್ ‘ಕಮ್, ಸಿಟ್, ಈಟ್’ ಅಷ್ಟೇ. ದಿನಕ್ಕೆ ಸಾವಿರ ಮಾತು ಕೇಳುತ್ತಿದ್ದ ಮಗುವಿಗೆ ಈಗ ಐವತ್ತು ಕೇಳಿಸುತ್ತದೆ, ಉಳಿದದ್ದು ಮೊಬೈಲಿನ ಕಾರ್ಟೂನು. ಮೊದಲೇ ಮಾತು ಕಡಿಮೆ ಇದ್ದ ಮಗುವಿಗೆ ನಾವು ಮಾಡುವ ಉಪಕಾರ ಇದು!

ನಾನು ಈಗ ಕಲಿಸುತ್ತಿರುವ ಊರಿನ ಹೆಸರು ಮರಳಿ, ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕು. ಕರಾವಳಿಯಿಂದ ಘಟ್ಟ ಹತ್ತಿ ಬಂದವನಿಗೆ ಇಲ್ಲಿನ ಭತ್ತದ ಗದ್ದೆ ಬಿಟ್ಟರೆ ಎಲ್ಲವೂ ಹೊಸತು. ಆದರೆ ಭಾಷೆಯ ಮಟ್ಟಿಗೆ ಇಲ್ಲಿನ ಮಕ್ಕಳು ನಮ್ಮ ಮಕ್ಕಳ ಹಾಗೆಯೇ. ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ, ಸುತ್ತಲಿನ ಕ್ಯಾಂಪುಗಳಲ್ಲಿ ತೆಲುಗು, ಮದ್ರಸದಲ್ಲಿ ಅರಬಿ. ಇಲ್ಲಿನ ದಖನಿ ಮನೆಯ ಮಗು ತನ್ನ ಊರನ್ನೇ ‘ಮರಲಿ’ ಅನ್ನುತ್ತದೆ. ಹಳ್ಳಿ ಅದರ ಬಾಯಲ್ಲಿ ಹಲ್ಲಿ. ಶಾಲೆಯಲ್ಲಿ ನಗುತ್ತಾರೆ. ನಮ್ಮ ಮಕ್ಕಳನ್ನು ನೋಡಿಯೂ ನಗುತ್ತಾರೆ, ಅವರು ‘ಬೆಲಿಗ್ಗೆ’ ಅಂದಾಗ. ಬ್ಯಾರಿಯಲ್ಲಿ ಳ ಮತ್ತು ಲ ಬೇರೆಯಾಗಿ ಉಳಿದಿಲ್ಲ, ಣ ಕೂಡ ನ ಆಗಿದೆ; ಕಣ್ಣು ನಮಗೆ ‘ಕನ್ನ್’. ಅಂದರೆ ಆ ಮಗುವಿನ ನಾಲಿಗೆಯಲ್ಲಿ ಯಾವ ದೋಷವೂ ಇಲ್ಲ. ತನ್ನ ಮನೆಯ ಮಾತಿನ ನಿಯಮವನ್ನು ಅದು ಅಚ್ಚುಕಟ್ಟಾಗಿ ಪಾಲಿಸುತ್ತಿದೆ. ಇಂಥ ಮಗುವನ್ನು ಸ್ಪೀಚ್ ಥೆರಪಿಗೆ ಎಳೆದುಕೊಂಡು ಹೋಗಬೇಕಾಗಿಲ್ಲ. ಕನ್ನಡದ ಪಾಠದಲ್ಲಿ ಳಕಾರ ಕಲಿಸಿದರೆ ಸಾಕು.

ಇದು ವ್ಯತ್ಯಾಸ, ದೋಷವಲ್ಲ. ಚಿಕಿತ್ಸಕರು ಮಾಡಬೇಕಾದ ಮೊದಲ ಕೆಲಸವೇ ಇವೆರಡನ್ನು ಬೇರೆ ಮಾಡುವುದು. ಕುರ್‌ಆನ್ ಕಲಿಸುವವರಿಗೆ ಇದು ಹೊಸತೇನಲ್ಲ, ಮಖ್‌ರಜ್ ತಿದ್ದುವಾಗ ದಿನಾ ಮಾಡುವ ಕೆಲಸ. ದಖನಿ ಮಾತಾಡುವ ಮಕ್ಕಳ ಸಾಲಿನಲ್ಲಿ ‘ಖಾಫ್’ ಕೇಳಿದರೆ ‘ಖ’ ಬರುತ್ತದೆ, ಒಬ್ಬನಿಗಲ್ಲ, ಇಡೀ ಬೆಂಚಿಗೆ. ಬೆಂಚಿಗೆ ಬೆಂಚೇ ತಪ್ಪಿದರೆ ಅದು ಮನೆಮಾತು. ಹದಿನೆಂಟು ಮಕ್ಕಳಿಗೆ ಬಂದ ರ್ ಎಂಟು ವರ್ಷದ ಒಬ್ಬನಿಗೆ ಮಾತ್ರ ಬರುತ್ತಿಲ್ಲ, ಅರಬಿಯಲ್ಲೂ ಇಲ್ಲ, ಮನೆಯ ಮಾತಿನಲ್ಲೂ ಇಲ್ಲ ಅಂದರೆ ಅವನನ್ನು ಕರೆದು ಕೂರಿಸಿ ನೋಡಬೇಕು. ಇಷ್ಟು ಗುರುತಿಸಲು ಡಿಗ್ರಿ ಬೇಡ, ಕಿವಿ ಬೇಕು.

ನಮ್ಮ ಶಾಫಿಈ ಫಿಕ್‌ಹ್ ಓದಿದವರಿಗೆ ಇನ್ನೊಂದು ವಿಷಯ ನೆನಪಾಗಬೇಕು. ಇಮಾಮ್ ನವವಿಯವರ ‘ಮಿನ್ಹಾಜ್’ನಲ್ಲಿ ಇಮಾಮತ್ತಿನ ಅಧ್ಯಾಯ ತೆರೆದರೆ ಮಾತಿನ ತೊಂದರೆಗಳಿಗೆ ಬೇರೆ ಬೇರೆ ಹೆಸರುಗಳೇ ಉಂಟು. ತಾ ಅಕ್ಷರವನ್ನು ಮತ್ತೆ ಮತ್ತೆ ಹೇಳಿ ತಡವರಿಸುವವನು ‘ತಮ್‌ತಾಮ್’, ಫಾ ಅಕ್ಷರಕ್ಕೆ ಸಿಕ್ಕಿಕೊಳ್ಳುವವನು ‘ಫಅ್‌ಫಾಅ್’. ಒಂದು ಅಕ್ಷರದ ಜಾಗಕ್ಕೆ ಇನ್ನೊಂದನ್ನು ಇಡುವವನು ‘ಅಲ್ಸಗ್’. ಮೊದಲಿನ ಇಬ್ಬರು ಇಮಾಮ್ ನಿಲ್ಲುವುದು ಕರಾಹತ್ ಅಷ್ಟೆ, ನಮಾಜು ಆಗುತ್ತದೆ. ಫಾತಿಹಾದ ಅಕ್ಷರವೇ ಬದಲಾಗುವವನ ಹುಕುಮು ಬೇರೆ. ಇಂದು ಚಿಕಿತ್ಸಕರು ತೊದಲುವಿಕೆ ಒಂದು ಬಗೆ, ಉಚ್ಚಾರಣೆಯ ದೋಷ ಇನ್ನೊಂದು ಬಗೆ ಎಂದು ವಿಂಗಡಿಸುವುದನ್ನು ನಮ್ಮ ಉಲಮಾಗಳು ಏಳು ಶತಮಾನಗಳ ಹಿಂದೆಯೇ ಕಿವಿಯಿಂದ ಗುರುತಿಸಿ ಬರೆದಿಟ್ಟಿದ್ದರು. ಜೊತೆಗೆ ಕಲಿಯಲು ಸಾಧ್ಯವಿದ್ದೂ ಬಿಟ್ಟವನು ಬೇರೆ, ಸಾಧ್ಯವೇ ಇಲ್ಲದವನು ಬೇರೆ ಎಂದೂ ಹೇಳಿದ್ದಾರೆ. ಸಾಧ್ಯ ಉಂಟೋ ಇಲ್ಲವೋ ಅನ್ನುವುದನ್ನು ತಿಳಿಯುವ ದಾರಿ ಈಗ ಹೆಚ್ಚು ಸಿಕ್ಕಿದೆ. ಆ ದಾರಿ ಹಿಡಿಯಬೇಡಿ ಅಂತ ಯಾವ ಕಿತಾಬಿನಲ್ಲೂ ಇಲ್ಲ.

ಸರಿ, ಚಿಕಿತ್ಸಕರ ಹತ್ತಿರ ಹೋದರೆ ಏನು ಮಾಡುತ್ತಾರೆ? ಅನೇಕರು ಇಂಜೆಕ್ಷನ್ ಕೊಡುತ್ತಾರೆ, ನಾಲಿಗೆ ಕೊಯ್ಯುತ್ತಾರೆ ಎಂದು ಹೆದರುತ್ತಾರೆ. ಅಂಥದ್ದೇನೂ ಇಲ್ಲ. ಮೊದಲು ಕಿವಿ. ಮಾತು ಬಾರದ ಪ್ರತಿ ಮಗುವಿಗೂ ಮೊದಲು ಕಿವಿಯ ಪರೀಕ್ಷೆ ಆಗಲೇಬೇಕು. ಮಗು ಮಲಗಿದ್ದಾಗಲೇ ತಲೆಗೆ ಸಣ್ಣ ತಂತಿ ಅಂಟಿಸಿ ಮಾಡುವ ಪರೀಕ್ಷೆ ಉಂಟು, ಅದಕ್ಕೆ ಬೆರಾ ಅನ್ನುತ್ತಾರೆ. ಹುಟ್ಟಿದ ಒಂದೆರಡು ದಿನದಲ್ಲೇ ಕಿವಿಗೆ ಪುಟ್ಟ ಬಿರಡೆಯಂಥದ್ದು ಇಟ್ಟು ಮಾಡುವ ಇನ್ನೊಂದು ತಪಾಸಣೆಯೂ ಉಂಟು. ನೋವಿಲ್ಲ. ಪಟಾಕಿಗೆ ಬೆಚ್ಚುತ್ತಾನೆ, ಬಾಗಿಲು ಬಡಿದರೆ ತಿರುಗುತ್ತಾನೆ, ಆದ್ದರಿಂದ ಕಿವಿ ಸರಿ ಉಂಟು ಎನ್ನುವ ಲೆಕ್ಕ ನಂಬಬೇಡಿ. ದೊಡ್ಡ ಸದ್ದು ಕೇಳಿಸಿ ಸ, ಫ, ತ ಮಾತ್ರ ಕೇಳಿಸದ ಕಿವಿಗಳು ಇವೆ. ಪದೇ ಪದೇ ಕಿವಿ ಸೋರುವ ಮಗು ವರ್ಷದಲ್ಲಿ ಅರ್ಧ ತಿಂಗಳುಗಳನ್ನು ಅರೆಗಿವುಡಿನಲ್ಲೇ ಕಳೆಯುತ್ತದೆ. ಮದ್ರಸದಲ್ಲಿ ಹಿಂದಿನ ಸಾಲಿನಲ್ಲಿ ಕೂತು ಕರೆದರೆ ತಿರುಗದವನನ್ನು ನಾವು ಹಠಮಾರಿ ಎನ್ನುತ್ತೇವೆ. ಪೆಟ್ಟು ಕೊಡುವವರೂ ಇದ್ದಾರೆ. ಅವನನ್ನು ಮುಂದೆ ಕೂರಿಸಿ, ಹಿಂದಿನಿಂದ ಮೆಲ್ಲಗೆ ಹೆಸರು ಕರೆದು ನೋಡಿದರೆ ಅನುಮಾನವಾದರೂ ಹುಟ್ಟುತ್ತದೆ.

ಕಿವಿ ಆದ ಮೇಲೆ ಬಾಯಿ ನೋಡುತ್ತಾರೆ: ತುಟಿ, ಹಲ್ಲು, ನಾಲಿಗೆ, ಅಂಗಳ. ಗರ್ಭದಿಂದ ಇಂದಿನವರೆಗಿನ ಕತೆ ಕೇಳುತ್ತಾರೆ. ಆಮೇಲೆ ನೆಲದ ಮೇಲೆ ಆಟಿಕೆ ಹರಡಿ ಕೂರುತ್ತಾರೆ. ನೋಡುವವರಿಗೆ ಆಟದ ಹಾಗೆ ಕಾಣುತ್ತದೆ. ಆದರೆ ಮಗು ಕಣ್ಣಲ್ಲಿ ಕಣ್ಣಿಡುತ್ತದಾ, ಬೇಕಾದ್ದನ್ನು ಬೆರಳಿಟ್ಟು ತೋರಿಸುತ್ತದಾ, ಹೇಳಿದ್ದು ಅರ್ಥವಾಗುತ್ತದಾ, ಹೇಳಲು ಮಾತ್ರ ಬಾರದಾ, ಎರಡು ಪದ ಸೇರಿಸುತ್ತದಾ ಎನ್ನುವುದೆಲ್ಲ ಅಲ್ಲಿ ಲೆಕ್ಕವಾಗುತ್ತಿರುತ್ತದೆ. ಅರ್ಥವಾಗುವುದು ಬೇರೆ, ಆಡುವುದು ಬೇರೆ. ಎರಡನ್ನೂ ಬೇರೆ ಬೇರೆ ಅಳೆಯುತ್ತಾರೆ.

ನಮ್ಮ ಸಮಸ್ಯೆ ಶುರುವಾಗುವುದು ಇಲ್ಲಿಯೇ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಹುಟ್ಟಿತು. 1972ರಷ್ಟು ಹಿಂದೆಯೇ ಕನ್ನಡದ ಉಚ್ಚಾರಣೆ ಅಳೆಯುವ ಪರೀಕ್ಷೆ ತಯಾರಾಯಿತು. ಆಮೇಲೆ ಕನ್ನಡಕ್ಕೆ ಹಲವು ಪರೀಕ್ಷೆಗಳು ಬಂದವು. ಕನ್ನಡದ ಮಗುವಿಗೆ ಇದು ದೊಡ್ಡ ಭಾಗ್ಯ. ಆದರೆ ಚಿಕಿತ್ಸಕರ ಮೇಜಿನ ಮೇಲಿರುವ ಚಿತ್ರದ ಪುಸ್ತಕ ಕನ್ನಡದ್ದು ಅಥವಾ ಇಂಗ್ಲಿಷಿನದ್ದು. ತಟ್ಟೆಯ ಚಿತ್ರ ತೋರಿಸಿ ‘ಇದೇನು?’ ಅಂದರೆ ನಮ್ಮ ಮೂರು ವರ್ಷದ ಮಗು ‘ಸಾನ್’ ಅನ್ನುತ್ತದೆ. ಬಟ್ಟಲಿಗೆ ‘ಪಿಂಞಾನ’. ಅರಬಿಯಿಂದ ನಮ್ಮ ಅಡುಗೆಮನೆಗೆ ಬಂದು ಸೇರಿದ ಪದಗಳು ಇವು. ಕೇಳುವವರಿಗೆ ಬ್ಯಾರಿ ಗೊತ್ತಿಲ್ಲದಿದ್ದರೆ, ಪಕ್ಕದಲ್ಲಿ ಕೂತ ಉಮ್ಮನೂ ಸಂಕೋಚದಿಂದ ಸುಮ್ಮನಿದ್ದರೆ, ಬಂದ ಪದ ಬಾರದ ಪದವಾಗಿ ಬರೆಯಲ್ಪಡುತ್ತದೆ. ಮಗುವಿನ ಶಬ್ದ ಸಂಪತ್ತನ್ನು ಎಲ್ಲ ಭಾಷೆ ಸೇರಿಸಿಯೇ ಎಣಿಸಬೇಕು: ಬ್ಯಾರಿಯ ಮೂವತ್ತು, ಕನ್ನಡದ ಹತ್ತು, ಇಂಗ್ಲಿಷಿನ ಎಂಟು ಕೂಡಿದರೆ ನಲವತ್ತೆಂಟು. ಕನ್ನಡದ ಹತ್ತನ್ನು ಮಾತ್ರ ಎಣಿಸಿ ಮಗು ಹಿಂದುಳಿದಿದೆ ಎಂದರೆ ಅದು ಅಳತೆಯ ತಪ್ಪು. ಇದರ ವಿರುದ್ಧದ ಅಪಾಯವೂ ಉಂಟು. ಬ್ಯಾರಿ ಮಕ್ಕಳಲ್ವಾ, ಭಾಷೆ ಜಾಸ್ತಿ, ಆಮೇಲೆ ಸರಿ ಹೋಗ್ತದೆ ಎಂದು ಕಳುಹಿಸಿದ ಮಗುವಿಗೆ ನಿಜವಾಗಿಯೂ ಕಿವಿ ಕೇಳದೆ ಇದ್ದರೆ? ನನ್ನ ದೃಷ್ಟಿಯಲ್ಲಿ ಇದು ಮೊದಲಿನದಕ್ಕಿಂತ ದೊಡ್ಡ ಅಪಾಯ. ಸುಮ್ಮನೆ ಥೆರಪಿಗೆ ಹೋದ ಮಗುವಿಗೆ ಒಂದಿಷ್ಟು ದಿನ ಹಾಳು. ಹೋಗಬೇಕಿದ್ದೂ ಹೋಗದ ಮಗುವಿಗೆ ಮಾತು ಹುಟ್ಟುವ ವಯಸ್ಸೇ ಹಾಳು.

ಆ ವಯಸ್ಸು ಯಾವುದು ಎಂದು ಪ್ರತಿ ಮನೆಯಲ್ಲೂ ಗೊತ್ತಿರಬೇಕು. ಒಂದು ವರ್ಷಕ್ಕೆ ಹೆಸರು ಕರೆದರೆ ತಿರುಗಬೇಕು, ‘ಬ ಬ, ಮ ಮ’ ಎಂದು ಹರಟಬೇಕು. ಒಂದೂವರೆ ವರ್ಷದೊಳಗೆ ಒಂದಷ್ಟು ಪದ. ಎರಡಕ್ಕೆ ಎರಡು ಪದ ಕೂಡಿಸಿದ ಮಾತು. ನಾಲ್ಕಕ್ಕೆ ಹೊರಗಿನವರಿಗೂ ಬಹುಪಾಲು ಅರ್ಥವಾಗಬೇಕು. ಬಂದ ಮಾತು ಮಧ್ಯದಲ್ಲಿ ನಿಂತುಹೋದರೆ ಯಾವ ವಯಸ್ಸಾದರೂ ಸರಿ, ಕಾಯಬಾರದು. ‘ಅವನ ಬಾಪನೂ ಐದು ವರ್ಷಕ್ಕೇ ಮಾತಾಡಿದ್ದು’ ಎನ್ನುವ ಅಜ್ಜಿಯ ಮಾತು ಪ್ರೀತಿಯದ್ದು, ಆದರೆ ಅದು ಪರೀಕ್ಷೆಯಲ್ಲ. ಬಜೆ ತೇದು ನಾಲಿಗೆಗೆ ಹಚ್ಚುವುದರಿಂದ ಮಾತು ಬರುವುದಿಲ್ಲ. ನಾಲಿಗೆಯ ಅಡಿಯ ಎಳೆ ಬಿಗಿಯಾಗಿದ್ದರೆ ಕೆಲವು ಅಕ್ಷರಕ್ಕೆ ತೊಂದರೆ ಆಗಬಹುದು, ಅದರಿಂದ ಮಗು ಪೂರ್ತಿ ಮೂಕವಾಗುವುದಿಲ್ಲ. ದುಆ ಮಾಡಿಸಲು ನನ್ನ ಹತ್ತಿರವೂ ಬರುತ್ತಾರೆ. ಖಂಡಿತ ಮಾಡುತ್ತೇನೆ. ಮೂಸಾ ನಬಿಯವರು ತನ್ನ ನಾಲಿಗೆಯ ಗಂಟು ಬಿಡಿಸೆಂದು ಅಲ್ಲಾಹನಲ್ಲಿ ಬೇಡಿದರು, ಅದರ ಜೊತೆಗೇ ಮಾತಿಗೆ ನೆರವಾಗಲು ಅಣ್ಣ ಹಾರೂನರನ್ನೂ ಕೇಳಿಕೊಂಡರು. ದುಆದ ಜೊತೆ ಒಬ್ಬ ಸಹಾಯಕನನ್ನು ಕೇಳುವುದು ಈಮಾನಿನ ಕೊರತೆ ಅಲ್ಲ ಎಂದು ಆ ಉಮ್ಮಂದಿರಿಗೆ ಇದನ್ನೇ ಹೇಳಿ ಕಳಿಸುತ್ತೇನೆ.

ಚಿಕಿತ್ಸೆ ಎಂದರೆ ವಾರಕ್ಕೆ ಒಂದೆರಡು ಸಲ ಮುಕ್ಕಾಲು ಗಂಟೆ ಅಲ್ಲಿ ಕೂರುವುದು ಮಾತ್ರವಲ್ಲ. ಉಳಿದ ದಿನ ಮನೆಯಲ್ಲಿ ಏನು ಮಾಡುತ್ತೀರಿ ಎನ್ನುವುದರ ಮೇಲೆಯೇ ಬಹಳಷ್ಟು ನಿಂತಿದೆ. ಪತ್ತಿರ್ ತಟ್ಟುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡುವುದನ್ನೆಲ್ಲ ಮಾತಲ್ಲಿ ಹೇಳುವುದು. ಮಗು ‘ನೀರ್’ ಅಂದರೆ ಅದನ್ನೇ ಇನ್ನೊಂದು ಪದ ಸೇರಿಸಿ ಹಿಂದಿರುಗಿಸುವುದು. ಕೇಳಿದ ಮೇಲೆ ಉತ್ತರಕ್ಕೆ ಹತ್ತು ಎಣಿಸುವಷ್ಟು ಕಾಯುವುದು (ನಮ್ಮ ಮನೆಗಳಲ್ಲಿ ಅತಿ ಕಷ್ಟದ ಪಾಠ ಇದೇ). ಬಾಯಿಂದ ಮಾತು ಬರುವುದು ತೀರಾ ಕಷ್ಟವಿರುವ ಮಕ್ಕಳಿಗೆ ಚಿತ್ರದ ಹಲಗೆ, ಸನ್ನೆ, ಮೊಬೈಲಿನ ಆ್ಯಪ್ ಕೊಡುತ್ತಾರೆ. ಅದನ್ನು ಕೊಟ್ಟರೆ ಮಾತು ಬರುವುದೇ ನಿಂತುಹೋಗುತ್ತದೆ ಎಂದು ಹೆದರಬೇಕಾಗಿಲ್ಲ. ಇವೆಲ್ಲ ಮನೆಯವರಿಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಆದರೆ ಮಾತ್ರ ದಿನವಿಡೀ ನಡೆಯುತ್ತವೆ. ಅದಕ್ಕೇ ಬ್ಯಾರಿ ಬಿಡಬೇಡಿ ಎನ್ನುವುದು.

ತೊದಲುವ ಮಕ್ಕಳದು ಬೇರೆ ಕತೆ. ನೂರರಲ್ಲಿ ಸುಮಾರು ಐದು ಮಕ್ಕಳು ಒಂದು ಹಂತದಲ್ಲಿ ತೊದಲುತ್ತಾರೆ, ಹೆಚ್ಚಿನವರದು ತಾನಾಗಿ ಹೋಗುತ್ತದೆ, ದೊಡ್ಡವರಾದ ಮೇಲೂ ಉಳಿಯುವುದು ನೂರರಲ್ಲಿ ಒಬ್ಬರಿಗೆ. ಅದು ಹೆದರಿಕೆಯಿಂದ ಹುಟ್ಟುವ ರೋಗವಲ್ಲ, ಆದರೆ ಹೆದರಿಸಿದರೆ ಹೆಚ್ಚುತ್ತದೆ. ತಡವರಿಸುತ್ತಾ ಕುರ್‌ಆನ್ ಓದುವವನಿಗೆ ಎರಡು ಪ್ರತಿಫಲ ಎಂಬ ಅರ್ಥದ ಹದೀಸನ್ನು ನಾವೇ ವಅ್‌ಳಿನಲ್ಲಿ ಹೇಳುತ್ತೇವೆ, ನಾವೇ ಮದ್ರಸದಲ್ಲಿ ಅವನನ್ನು ಎದ್ದು ನಿಲ್ಲಿಸಿ ಉಳಿದವರು ನಗುವಾಗ ಸುಮ್ಮನಿರುತ್ತೇವೆ. ‘ಮೆಲ್ಲಗೆ ಹೇಳು, ಉಸಿರು ತಗೋ’ ಎಂದು ಪದೇ ಪದೇ ಹೇಳುವುದೂ ಸಹಾಯವಲ್ಲ. ಅವನ ವಾಕ್ಯವನ್ನು ನಾವು ಮುಗಿಸಬಾರದು. ಮುಖ ನೋಡುತ್ತಾ ಕಾಯಬೇಕು. ಒಟ್ಟಿಗೆ ಓದುವಾಗ, ರಾಗದಲ್ಲಿ ಓದುವಾಗ ಹೆಚ್ಚಿನವರು ತೊದಲುವುದಿಲ್ಲ. ನಬಿದಿನದ ಕಾರ್ಯಕ್ರಮದ ಪಟ್ಟಿಯಿಂದ ಅವನ ಹೆಸರು ತೆಗೆಯುವ ಬದಲು ಗುಂಪಿನ ಬೈತ್‌ನಲ್ಲಿ ಸೇರಿಸಬಹುದು, ಅವನೇ ಕೇಳಿದರೆ ಭಾಷಣವನ್ನೂ ಕೊಡಬಹುದು.

ಮಾತು ಮಕ್ಕಳಿಗೆ ಮಾತ್ರ ಹೋಗುವುದಲ್ಲ. ಲಕ್ವ ಹೊಡೆದ ಮೇಲೆ ಮಾತು ಕಳೆದುಕೊಂಡ ಹಿರಿಯರು ನಮ್ಮ ಪ್ರತಿ ಜಮಾಅತಿನಲ್ಲೂ ಇದ್ದಾರೆ. ಬುದ್ಧಿ ಹೋಯಿತು ಎಂದು ಮೂಲೆಗೆ ಕೂರಿಸುತ್ತೇವೆ. ಅನೇಕರಿಗೆ ಬುದ್ಧಿ ಹೋಗಿರುವುದಿಲ್ಲ, ಪದ ಸಿಗದೆ ಒದ್ದಾಡುತ್ತಿರುತ್ತಾರೆ. ಕೆಲವರಿಗೆ ಒಂದು ಭಾಷೆ ಮೊದಲು ಮರಳುತ್ತದೆ, ಇನ್ನೊಂದು ಆಮೇಲೆ. ಅಲ್ಲಿಯೂ ಎಲ್ಲ ಭಾಷೆಯಲ್ಲಿ ಪರೀಕ್ಷೆ ಬೇಕು.

ಈಗ ಎಲ್ಲಿ ಹೋಗುವುದು ಎನ್ನುವ ಮಾತು. ಮಂಗಳೂರಿನವರಿಗೆ ಇದರಲ್ಲಿ ನೆಪ ಕಡಿಮೆ. ಫಾದರ್ ಮುಲ್ಲರ್, ಡಾ. ಎಂ.ವಿ. ಶೆಟ್ಟಿ ಕಾಲೇಜು, ಕೆಎಂಸಿ ಇವೆಲ್ಲ ಈ ವಿದ್ಯೆಯನ್ನೇ ಕಲಿಸುವ ಜಾಗಗಳು. ಕಲಿಸುವ ಜಾಗದಲ್ಲಿ ಪರೀಕ್ಷೆ, ಚಿಕಿತ್ಸೆಯ ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ ಇರುತ್ತದೆ. ಮರಳಿಯ ಮನೆಯವರಿಗೆ ಹಾಗಲ್ಲ. ಜಿಲ್ಲಾ ಕೇಂದ್ರ ಕೊಪ್ಪಳಕ್ಕೆ ಹೋಗಿ ಬರಲು ಒಂದು ದಿನದ ಕೂಲಿ ಹೋಯಿತು. ಧಾರವಾಡದಲ್ಲಿ ಜೆಎಸ್‌ಎಸ್ ವಾಕ್ ಶ್ರವಣ ಸಂಸ್ಥೆ ಉಂಟು, ಮೈಸೂರು ಒಂದು ರಾತ್ರಿಯ ದಾರಿ. ವಾರಕ್ಕೆ ಎರಡು ಸಲ ಬನ್ನಿ ಅಂದರೆ ಭತ್ತದ ಗದ್ದೆಯಲ್ಲಿ ದುಡಿಯುವ ತಾಯಿ ಹೇಗೆ ಹೋದಾಳು? ಮೈಸೂರಿನ ಸಂಸ್ಥೆ ದೂರದವರಿಗೆ ವಿಡಿಯೋ ಮೂಲಕ ಚಿಕಿತ್ಸೆ ಕೊಡುವ ವ್ಯವಸ್ಥೆ ಮಾಡಿದೆ. ಒಮ್ಮೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದರೆ ಮುಂದಿನದಕ್ಕೆ ಈ ದಾರಿ ಕೇಳಬಹುದು.

ಸರಕಾರದ ಕಡೆಯಿಂದ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಉಂಟು. ಅದರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ನೋಡಬೇಕು. ಕಿವಿ, ಮಾತಿನ ವಿಳಂಬ ಎಲ್ಲವೂ ಅದರ ಪಟ್ಟಿಯಲ್ಲಿದೆ. ತೊಂದರೆ ಕಂಡರೆ ಜಿಲ್ಲೆಯ ಡಿಇಐಸಿ ಕೇಂದ್ರಕ್ಕೆ ಕಳುಹಿಸುವುದು ನಿಯಮ. ಮರಳಿಯ ಮಗು ಅಂಗನವಾಡಿಗೆ ಹೋಗುತ್ತದೆ, ಆದ್ದರಿಂದ ಕಾಗದದ ಮೇಲಾದರೂ ಆ ತಂಡದ ಕಣ್ಣಿಗೆ ಬೀಳುತ್ತದೆ. ನಮ್ಮ ಕರಾವಳಿಯ ಮಗು ಮೂರನೇ ವರ್ಷಕ್ಕೇ ಖಾಸಗಿ ಇಂಗ್ಲಿಷ್ ಮೀಡಿಯಂ ನರ್ಸರಿಗೆ ಹೋಗುತ್ತದೆ, ಆ ತಂಡದ ಪಟ್ಟಿಯಲ್ಲೇ ಇರುವುದಿಲ್ಲ. ಆಸ್ಪತ್ರೆ ಹತ್ತಿರ ಇರುವ ಮಗುವನ್ನು ನೋಡುವವರಿಲ್ಲ, ನೋಡುವವರು ಬರುವ ಊರಿಗೆ ಆಸ್ಪತ್ರೆ ದೂರ! ಜಮಾಅತ್ ಕಮಿಟಿಯವರು ಮದ್ರಸಕ್ಕೂ ಈ ತಂಡ ಬರಲಿ ಎಂದು ತಾಲೂಕು ಆರೋಗ್ಯಾಧಿಕಾರಿಗೆ ಒಂದು ಅರ್ಜಿ ಕೊಡಬಹುದು. ರಕ್ತದಾನ ಶಿಬಿರಕ್ಕೆ ಹಾಲ್ ಕೊಡುವ ನಮಗೆ ವರ್ಷಕ್ಕೊಮ್ಮೆ ಕಿವಿ ತಪಾಸಣೆಗೆ ಹಾಲ್ ಕೊಡುವುದು ಭಾರವಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಿಂದಿದ್ದ 7 ಬಗೆಗಳನ್ನು 21ಕ್ಕೆ ಏರಿಸಿತು. ಮಾತು ಮತ್ತು ಭಾಷೆಯ ವೈಕಲ್ಯ ಈಗ ಅದರಲ್ಲಿ ಪ್ರತ್ಯೇಕವಾಗಿಯೇ ಉಂಟು. ಆದರೆ ಅದು ಶಾಶ್ವತ ತೊಂದರೆಗೆ ಕೊಡುವ ಪ್ರಮಾಣಪತ್ರ. ಥೆರಪಿಗೆ ಹೋಗಲು ಅದು ಬೇಕಾಗಿಲ್ಲ, ಥೆರಪಿಗೆ ಹೋದ ಮಗುವಿಗೆಲ್ಲ ‘ಅಂಗವಿಕಲ’ ಎಂಬ ಮುದ್ರೆಯೂ ಬೀಳುವುದಿಲ್ಲ. ಇದನ್ನು ಒತ್ತಿ ಹೇಳಲು ಕಾರಣ ಉಂಟು. ಹೆಣ್ಣುಮಕ್ಕಳಾದರೆ ‘ಹೊರಗೆ ಗೊತ್ತಾದರೆ ನಾಳೆ ಮದುವೆಗೆ ಕಷ್ಟ’ ಎಂದು ಮುಚ್ಚಿಡುವವರು ಇದ್ದಾರೆ. 2011ರ ಜನಗಣತಿಯಲ್ಲಿ ಮಾತಿನ ವೈಕಲ್ಯ ಇದ್ದವರು ದೇಶದಲ್ಲಿ ಸುಮಾರು 20 ಲಕ್ಷ, ಕಿವಿಯದ್ದು 50 ಲಕ್ಷ ಎಂದು ದಾಖಲಾಯಿತು. ಮನೆಯವರು ಬಾಯಿಬಿಟ್ಟು ಹೇಳಿದ್ದು ಮಾತ್ರ ಅಂಥ ಲೆಕ್ಕಕ್ಕೆ ಸಿಗುತ್ತದೆ. ಎರಡು ವರ್ಷದಲ್ಲಿ ಕಿವಿಗೆ ಯಂತ್ರ ಇಟ್ಟಿದ್ದರೆ ಇಂದು ಶಾಲೆಯಲ್ಲಿ ಓದುತ್ತಿರಬೇಕಾಗಿದ್ದ ಹುಡುಗಿ, ಹದಿನೆಂಟಕ್ಕೆ ಮಾತಿಲ್ಲದೆ ಮನೆಯಲ್ಲಿ ಕೂರುತ್ತಾಳೆ. ಮದುವೆಗೆ ಕಷ್ಟ ತಂದದ್ದು ಯಾವುದು, ಯಂತ್ರವಾ, ಮುಚ್ಚಿಟ್ಟದ್ದಾ?

ಚಿಕಿತ್ಸಕರ ಹತ್ತಿರ ಹೋಗುವಾಗ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಉಂಟಾ ಎಂದು ಕೇಳಿ, ಕೇಳುವುದು ಅವಮಾನವಲ್ಲ. ‘ಮೂರು ತಿಂಗಳಲ್ಲಿ ಗ್ಯಾರಂಟಿ’ ಎನ್ನುವವರಿಂದ ಹಿಂದೆ ಬನ್ನಿ. ಹೊರಡುವ ಹಿಂದಿನ ವಾರ ಮನೆಯಲ್ಲಿ ಒಂದು ಹಾಳೆ ಅಂಟಿಸಿ, ಮಗು ಯಾವ ಭಾಷೆಯಲ್ಲಿ ಯಾವ ಪದ ಆಡಿದರೂ ಬರೆದಿಡಿ, ಅದರ ಮುಂದೆ ಕನ್ನಡದ ಅರ್ಥ ಇರಲಿ. ಅಜ್ಜಿಯ ಜೊತೆ ಬ್ಯಾರಿಯಲ್ಲಿ ಆಡುವಾಗ ಎರಡು ನಿಮಿಷದ ವಿಡಿಯೋ ತೆಗೆದುಕೊಳ್ಳಿ. ಹೊಸ ಜಾಗದಲ್ಲಿ ಮಗು ಬಾಯಿ ಬಿಡದಿದ್ದರೆ ಚಿಕಿತ್ಸಕರಿಗೆ ಅದನ್ನು ತೋರಿಸಬಹುದು. ಮಗು ‘ಸಾನ್’ ಅಂದಾಗ ಪಕ್ಕದಲ್ಲಿ ಕೂತವರು ‘ಅದು ತಟ್ಟೆ ಮೇಡಂ, ಅವನು ಸರಿಯಾಗಿಯೇ ಹೇಳಿದ’ ಎಂದು ಹೇಳಿಬಿಡಿ.